ಎಸ್‌ಇಸಿ ಬೇಸ್‌ಬಾಲ್: ಹೆಡ್ ಕೋಚ್‌ಗಳ ಕ್ರಮಾಂಕ ಪಟ್ಟಿ ತಯಾರಿಸುವುದು ಹೇಗೆ?

ಪ್ರತಿ ವರ್ಷ ಜೂನ್ ಬಂತೆಂದರೆ ಓದುಗರು ಕೇಳುವುದು ಒಂದೇ ಪ್ರಶ್ನೆ: ಎಸ್‌ಇಸಿಯಲ್ಲಿ ಅತ್ಯುತ್ತಮ ಹೆಡ್ ಕೋಚ್ ಯಾರು, ನಮ್ಮ ಮಕ್ಕಳು ಓದುವ ಕಾಲೇಜಿನ ಕೋಚ್ ಎಷ್ಟನೆಯವರು? ಪಟ್ಟಿಗಳಿಗೇನೂ ಬರವಿಲ್ಲ. ಆದರೆ ಬಹುಪಾಲು ಪಟ್ಟಿಗಳು ಹಿಂದಿನ ತಿಂಗಳ ಫಲಿತಾಂಶವನ್ನೇ ಕೋಚ್ ಹೆಸರಿಗೆ ಬರೆದುಕೊಂಡಿರುತ್ತವೆ. ಕಾಲೇಜಿನ ಹಣಬಲ ಎಷ್ಟು, ಅದೃಷ್ಟ ಎಷ್ಟು, ಕೋಚ್ ಕೆಲಸ ಎಷ್ಟು ಎಂದು ಬಿಡಿಸಿ ನೋಡುವವರು ಕಡಿಮೆ. ಆ ಬಿಡಿಸುವ ಕೆಲಸ ಮಾಡದಿದ್ದರೆ ಪಟ್ಟಿಗೆ ಅರ್ಥವಿಲ್ಲ. ಅದನ್ನು ಹಂತ ಹಂತವಾಗಿ ಮಾಡುವ ಬಗೆ ಇಲ್ಲಿದೆ.

ಎಸ್‌ಇಸಿ ಎಂದರೆ ಸೌತ್‌ಈಸ್ಟರ್ನ್ ಕಾನ್ಫರೆನ್ಸ್, ಅಮೆರಿಕದ ದಕ್ಷಿಣ ಭಾಗದ ವಿಶ್ವವಿದ್ಯಾಲಯಗಳ ಕ್ರೀಡಾ ಒಕ್ಕೂಟ. 2024ರ ಜುಲೈನಲ್ಲಿ ಟೆಕ್ಸಸ್ ಮತ್ತು ಒಕ್ಲಹೋಮ ಸೇರಿದ ಮೇಲೆ ಇಲ್ಲಿ 16 ತಂಡಗಳಿವೆ. ಇದೇ ವಿಧಾನ ಎಸಿಸಿ, ಬಿಗ್ 12 ಮುಂತಾದ ಒಕ್ಕೂಟಗಳಿಗೂ ನಡೆಯುತ್ತದೆ. ಪಂದ್ಯಗಳ ಸಂಖ್ಯೆ ಬದಲಿಸಿಕೊಂಡರೆ ಸಾಕು.

ಕ್ರಿಕೆಟ್ ನೋಡಿ ಬೆಳೆದವರು ಮೊದಲೇ ಒಂದು ವಿಷಯ ತಿಳಿದಿರಬೇಕು. ಕ್ರಿಕೆಟ್‌ನಲ್ಲಿ ಬೌಲರ್ ಬದಲಿಸುವುದು ಮೈದಾನದಲ್ಲಿರುವ ನಾಯಕ. ಕಾಲೇಜು ಬೇಸ್‌ಬಾಲ್‌ನಲ್ಲಿ ಆ ಅಧಿಕಾರ ಹೆಡ್ ಕೋಚ್‌ನದು. ಅದರ ಜೊತೆಗೆ ಆಟಗಾರರನ್ನು ಹುಡುಕಿ ಕರೆತರುವುದು, ವಿದ್ಯಾರ್ಥಿವೇತನ ಹಂಚುವುದು, ಸಹಾಯಕ ಕೋಚ್‌ಗಳನ್ನು ನೇಮಿಸುವುದು ಎಲ್ಲವೂ ಅವರ ಹೊಣೆ. ನಾಯಕ, ಆಯ್ಕೆ ಸಮಿತಿ, ತಂಡದ ವ್ಯವಸ್ಥಾಪಕ ಮೂವರೂ ಅವರೇ. ಅವರನ್ನು ಅಳೆಯುವುದು ಕಷ್ಟವಾಗಿರುವುದು ಇದರಿಂದಲೇ.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ: ಒಂದು ಎಕ್ಸೆಲ್ ಹಾಳೆ, ಎಸ್‌ಇಸಿ ಮತ್ತು ಎನ್‌ಸಿಎಎಯ ಅಧಿಕೃತ ಅಂಕಿ-ಅಂಶ ಪುಟಗಳು, ಪ್ರತಿ ಕಾಲೇಜು ಪ್ರಕಟಿಸುವ ತಂಡದ ಮಾಹಿತಿ ಪುಸ್ತಿಕೆ, ಒಂದು ವಾರಾಂತ್ಯ. ಎನ್‌ಸಿಎಎ ಎಂದರೆ ಅಮೆರಿಕದ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ. ಈ ಲೇಖನದ ಉದಾಹರಣೆಗಳೆಲ್ಲ 2025ರ ಋತುವಿನ ಅಂತ್ಯದವರೆಗಿನವು.

1. ಪ್ರಶ್ನೆಯನ್ನು ಮೊದಲು ಕಾಗದದ ಮೇಲೆ ಬರೆಯಿರಿ

"ಅತ್ಯುತ್ತಮ ಕೋಚ್" ಎಂಬ ಮಾತಿನೊಳಗೆ ಮೂರು ಬೇರೆ ಬೇರೆ ಪ್ರಶ್ನೆಗಳಿವೆ. ವೃತ್ತಿಜೀವನದ ಒಟ್ಟು ಸಾಧನೆ ಯಾರದು ದೊಡ್ಡದು? ಈ ವರ್ಷ ಯಾರು ಚೆನ್ನಾಗಿ ಕೆಲಸ ಮಾಡಿದರು? ನಾಳೆ ಒಂದು ತಂಡ ಕಟ್ಟಲು ಯಾರನ್ನು ನೇಮಿಸಬೇಕು? ಮೂರಕ್ಕೂ ಉತ್ತರ ಬೇರೆ. ಒಂದೇ ಪಟ್ಟಿಯಲ್ಲಿ ಮೂರನ್ನೂ ಬೆರೆಸಿದರೆ ಜಗಳ ತಪ್ಪಿದ್ದಲ್ಲ.

ಮೂರನೆಯ ಪ್ರಶ್ನೆಯೇ ಹೆಚ್ಚು ಉಪಯುಕ್ತ. ಇಲ್ಲಿ ಮುಂದಿನ ಹಂತಗಳೆಲ್ಲ ಅದಕ್ಕಾಗಿಯೇ ಇವೆ. ನಿಮ್ಮ ಪ್ರಶ್ನೆ ಮೊದಲನೆಯದಾದರೆ 4ನೇ ಹಂತದಲ್ಲಿ ಎಲ್ಲ ವರ್ಷಗಳಿಗೂ ಸಮಾನ ತೂಕ ಕೊಡಿ.

2. ಕಡತ ಕೋಚ್ ಹೆಸರಿನಲ್ಲಿರಲಿ, ಕಾಲೇಜಿನ ಹೆಸರಿನಲ್ಲಲ್ಲ

ಪ್ರತಿ ಕೋಚ್‌ಗೆ ಕಳೆದ 5 ಋತುಗಳ ಸಾಲುಗಳನ್ನು ತೆರೆಯಿರಿ. ಪ್ರತಿ ಸಾಲಿನಲ್ಲಿ ಇವು ಇರಬೇಕು: ಕಾನ್ಫರೆನ್ಸ್ ಗೆಲುವು-ಸೋಲು, ಕಾನ್ಫರೆನ್ಸ್ ಪಂದ್ಯಗಳಲ್ಲಿ ಗಳಿಸಿದ ರನ್, ಬಿಟ್ಟುಕೊಟ್ಟ ರನ್, ಎದುರಾಳಿಗಳ ಪಟ್ಟಿ, ಎನ್‌ಸಿಎಎ ಟೂರ್ನಿಯಲ್ಲಿ ತಲುಪಿದ ಹಂತ.

ಕೋಚ್ ಕಾಲೇಜು ಬದಲಿಸಿದರೆ ದಾಖಲೆಯೂ ಅವರ ಹಿಂದೆಯೇ ಹೋಗಬೇಕು. ಜಿಮ್ ಶ್ಲೋಸ್‌ನೇಗಲ್ 2022ರಿಂದ 2024ರವರೆಗೆ ಟೆಕ್ಸಸ್ ಎ ಅಂಡ್ ಎಂ ತಂಡದಲ್ಲಿದ್ದರು. 2024ರಲ್ಲಿ ಆ ತಂಡವನ್ನು ರಾಷ್ಟ್ರೀಯ ಫೈನಲ್‌ವರೆಗೆ ಒಯ್ದು, ಸೋತ ಬೆನ್ನಲ್ಲೇ ಟೆಕ್ಸಸ್‌ಗೆ ಹೋದರು. ಅವರ 2025ರ ಸಾಲು ಟೆಕ್ಸಸ್‌ನದು, ಹಿಂದಿನ ಮೂರು ಎ ಅಂಡ್ ಎಂ ತಂಡದವು. ಪಾಲ್ ಮೈನಿಯೇರಿ 2021ರಲ್ಲಿ ಎಲ್‌ಎಸ್‌ಯು (ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾಲಯ) ತಂಡದಿಂದ ನಿವೃತ್ತರಾಗಿ, 2025ರ ಋತುವಿಗೆ ಸೌತ್ ಕ್ಯಾರೊಲೈನಾ ಕೋಚ್ ಆಗಿ ಮರಳಿದರು. ಅವರಿಗೆ ನಡುವಿನ ಮೂರು ಸಾಲು ಖಾಲಿ. ಖಾಲಿ ಸಾಲಿಗೆ ಸೊನ್ನೆ ತುಂಬಬೇಡಿ, ಹಾಗೇ ಬಿಡಿ.

ಋತುವಿನ ನಡುವೆ ಕೋಚ್ ಹೋದರೆ ದಿನಾಂಕ ನೋಡಿ ಪಂದ್ಯಗಳನ್ನು ಹಂಚಿ. ಮಿಸಿಸಿಪಿ ಸ್ಟೇಟ್ ತಂಡ 2025ರ ಏಪ್ರಿಲ್‌ನಲ್ಲಿ ಕ್ರಿಸ್ ಲೆಮೋನಿಸ್ ಅವರನ್ನು ಕೈಬಿಟ್ಟಿತು. ನಂತರದ ಪಂದ್ಯಗಳು ಅವರ ಲೆಕ್ಕಕ್ಕೆ ಬರುವುದಿಲ್ಲ. ಹಳೆಯ ವರ್ಷಗಳನ್ನೂ ಸೇರಿಸುವವರು 2020ನ್ನು ಪೂರ್ತಿ ಬಿಟ್ಟುಬಿಡಿ. ಕೋವಿಡ್‌ನಿಂದ ಆ ಋತು ಮಾರ್ಚ್‌ನಲ್ಲೇ ನಿಂತಿತು, ಎಸ್‌ಇಸಿಯ ಒಳಪಂದ್ಯಗಳು ಶುರುವೇ ಆಗಿರಲಿಲ್ಲ.

ಸಾಮಾನ್ಯ ಋತುವಿನಲ್ಲಿ ಒಂದು ತಂಡ ಗರಿಷ್ಠ 56 ಪಂದ್ಯ ಆಡುತ್ತದೆ. ಅದರಲ್ಲಿ ಕಾನ್ಫರೆನ್ಸ್ ಪಂದ್ಯಗಳು 30: ಹತ್ತು ವಾರಾಂತ್ಯ, ವಾರಕ್ಕೆ ಮೂರು ಪಂದ್ಯಗಳ ಸರಣಿ. ಉಳಿದ 26ನ್ನು ಕೋಚ್ ಅಳೆಯಲು ಬಳಸಬೇಡಿ. ಅವುಗಳ ಎದುರಾಳಿಗಳನ್ನು ಕಾಲೇಜುಗಳೇ ಆರಿಸಿಕೊಳ್ಳುತ್ತವೆ. ವಾರದ ನಡುವಿನ ಪಂದ್ಯಗಳಲ್ಲಿ ಮುಖ್ಯ ಪಿಚರ್‌ಗಳು, ಅಂದರೆ ಚೆಂಡು ಎಸೆಯುವವರು, ಕಣಕ್ಕಿಳಿಯುವುದೂ ಇಲ್ಲ. "ಒಟ್ಟು 45 ಗೆಲುವು" ಎಂಬ ಸಾಲು ಓದಿ ಮರುಳಾಗಬೇಡಿ; ಅದರಲ್ಲಿ 25 ದುರ್ಬಲ ತಂಡಗಳ ಮೇಲೆ ಬಂದಿರಬಹುದು.

ಆರ್‌ಪಿಐಯನ್ನೂ ದೂರವಿಡಿ. ಆರ್‌ಪಿಐ ಎಂದರೆ ಟೂರ್ನಿಗೆ ತಂಡಗಳನ್ನು ಆರಿಸುವಾಗ ಸಮಿತಿ ನೋಡುವ ಸೂಚ್ಯಂಕ. ಅದರಲ್ಲಿ ತಂಡದ ಸ್ವಂತ ಗೆಲುವಿನ ಪ್ರಮಾಣಕ್ಕೆ 25 ಶೇಕಡಾ, ಎದುರಾಳಿಗಳದ್ದಕ್ಕೆ 50, ಎದುರಾಳಿಗಳ ಎದುರಾಳಿಗಳದ್ದಕ್ಕೆ 25 ಶೇಕಡಾ ತೂಕ. ಹೊರಗೆ ಗೆದ್ದರೆ 1.3, ತವರಿನಲ್ಲಿ ಗೆದ್ದರೆ 0.7 ಎಂಬ ಲೆಕ್ಕವೂ ಇದೆ. ಬೇರೆ ಬೇರೆ ಒಕ್ಕೂಟಗಳ ತಂಡಗಳನ್ನು ಹೋಲಿಸಲು ಇದರಿಂದ ಪ್ರಯೋಜನವುಂಟು. ಒಂದೇ ಒಕ್ಕೂಟದ ಒಳಗೆ ಎಲ್ಲರ ಎದುರಾಳಿಗಳೂ ಬಲಶಾಲಿಗಳೇ ಆದ್ದರಿಂದ ಎಲ್ಲರ ಸೂಚ್ಯಂಕವೂ ಒಟ್ಟಿಗೆ ಮೇಲೇರುತ್ತದೆ. ಉಳಿಯುವ ವ್ಯತ್ಯಾಸದಲ್ಲಿ ವೇಳಾಪಟ್ಟಿ ಹೆಣೆದ ಜಾಣ್ಮೆಯ ಪಾಲೂ ಬೆರೆತಿರುತ್ತದೆ.

3. ಮೂವತ್ತು ಪಂದ್ಯಗಳನ್ನು ಸರಿಯಾಗಿ ಓದುವುದು

ಇಡೀ ವಿಧಾನ ನಿಂತಿರುವುದು ಈ ಹಂತದ ಮೇಲೆ. ಅವಸರ ಬೇಡ.

ಮೊದಲ ತಿದ್ದುಪಡಿ ರನ್‌ಗಳದು. ಗೆಲುವು-ಸೋಲಿಗಿಂತ ರನ್ ಅಂತರ ತಂಡದ ನಿಜವಾದ ಬಲವನ್ನು ಚೆನ್ನಾಗಿ ಹೇಳುತ್ತದೆ. ಒಂದು ರನ್‌ನಿಂದ ಗೆದ್ದ ಪಂದ್ಯಗಳಲ್ಲಿ ಅದೃಷ್ಟದ ಪಾಲು ದೊಡ್ಡದು. ಇದಕ್ಕೆ ಬಳಸುವ ಸೂತ್ರಕ್ಕೆ ಪೈಥಾಗೊರಿಯನ್ ನಿರೀಕ್ಷೆ ಎಂದು ಹೆಸರು. ಗಳಿಸಿದ ರನ್ನನ್ನು ಬಿಟ್ಟುಕೊಟ್ಟ ರನ್‌ನಿಂದ ಭಾಗಿಸಿ, ಬಂದದ್ದನ್ನು 1.83ರ ಘಾತಕ್ಕೆ ಏರಿಸಿ. ಆ ಸಂಖ್ಯೆಯನ್ನು, ಅದಕ್ಕೆ 1 ಕೂಡಿಸಿದ ಸಂಖ್ಯೆಯಿಂದ ಭಾಗಿಸಿದರೆ ನಿರೀಕ್ಷಿತ ಗೆಲುವಿನ ಪ್ರಮಾಣ ಸಿಗುತ್ತದೆ.

ಒಂದು ಕಾಲ್ಪನಿಕ ತಂಡ ತೆಗೆದುಕೊಳ್ಳಿ. 30 ಪಂದ್ಯಗಳಲ್ಲಿ 195 ರನ್ ಗಳಿಸಿ 165 ಬಿಟ್ಟುಕೊಟ್ಟಿದೆ, 20 ಗೆದ್ದು 10 ಸೋತಿದೆ. 195ನ್ನು 165ರಿಂದ ಭಾಗಿಸಿದರೆ 1.18, ಘಾತಕ್ಕೆ ಏರಿಸಿದರೆ 1.36, ಅದನ್ನು 2.36ರಿಂದ ಭಾಗಿಸಿದರೆ 0.576. ಅಂದರೆ ನಿರೀಕ್ಷಿತ ಗೆಲುವು 17.3. ಆದರೆ ಗೆದ್ದದ್ದು 20. ಹೆಚ್ಚಿನ 2.7 ಗೆಲುವನ್ನು ಪೂರ್ತಿ ಕೋಚ್‌ಗೆ ಕೊಡುವುದೂ ತಪ್ಪು, ಪೂರ್ತಿ ಕಿತ್ತುಕೊಳ್ಳುವುದೂ ತಪ್ಪು. ನಿಜ ಪ್ರಮಾಣ 0.667 ಮತ್ತು ನಿರೀಕ್ಷಿತ 0.576, ಇವೆರಡರ ಸರಾಸರಿ 0.621 ಬರೆದುಕೊಳ್ಳಿ.

ಇಲ್ಲಿ ಎಡವುವ ಜಾಗ ಎರಡು. ಎಸ್‌ಇಸಿಯಲ್ಲಿ ಹತ್ತು ರನ್ ನಿಯಮವಿದೆ: 7 ಇನ್ನಿಂಗ್ಸ್ ಮುಗಿದ ಮೇಲೆ ಒಂದು ತಂಡ 10 ಅಥವಾ ಹೆಚ್ಚು ರನ್ ಮುಂದಿದ್ದರೆ ಪಂದ್ಯ ಅಲ್ಲಿಗೇ ಮುಗಿಯುತ್ತದೆ. ಹೀಗಾಗಿ ಬಲಾಢ್ಯ ತಂಡದ ರನ್ ಅಂತರ ಇರಬೇಕಾದದ್ದಕ್ಕಿಂತ ಸ್ವಲ್ಪ ಕಡಿಮೆ ಕಾಣುತ್ತದೆ. ಸರಾಸರಿ ತೆಗೆದುಕೊಳ್ಳಲು ಇದೂ ಒಂದು ಕಾರಣ. ಎರಡನೆಯದಾಗಿ, ಕಾನ್ಫರೆನ್ಸ್ ಪಂದ್ಯಗಳ ರನ್ ಮಾತ್ರ ಬಳಸಿ. ಇಡೀ ಋತುವಿನ ರನ್ ಹಾಕಿದರೆ ಮಂಗಳವಾರದ ದುರ್ಬಲ ಎದುರಾಳಿಗಳ ಮೇಲೆ ಬಾರಿಸಿದ ರನ್‌ಗಳೆಲ್ಲ ಒಳಗೆ ಬರುತ್ತವೆ.

ಎರಡನೇ ತಿದ್ದುಪಡಿ ವೇಳಾಪಟ್ಟಿಯದು. 2025ರಿಂದ ಎಸ್‌ಇಸಿ ಬೇಸ್‌ಬಾಲ್‌ನಲ್ಲಿ ಪೂರ್ವ-ಪಶ್ಚಿಮ ವಿಭಾಗಗಳಿಲ್ಲ. ಪ್ರತಿ ತಂಡ 15 ಎದುರಾಳಿಗಳಲ್ಲಿ 10 ತಂಡಗಳ ಜೊತೆ ಮಾತ್ರ ಆಡುತ್ತದೆ. ಆ ಹತ್ತು ಯಾರು ಎಂಬುದರ ಮೇಲೆ ಎರಡು ಮೂರು ಗೆಲುವು ಹೆಚ್ಚು ಕಡಿಮೆಯಾಗುತ್ತದೆ. 2025ರಲ್ಲಿ ಟೆಕ್ಸಸ್ 22-8, ಮಿಸ್ಸೌರಿ 3-27. ಮಿಸ್ಸೌರಿ ಜೊತೆ ಸರಣಿ ಸಿಕ್ಕವರಿಗೂ ಸಿಗದವರಿಗೂ ಒಂದೇ ಅಳತೆ ಹಾಕುವುದು ನ್ಯಾಯವಲ್ಲ. (ಮಿಸ್ಸೌರಿಯ ಆ ಮೂರೂ ಗೆಲುವು ಬಂದದ್ದು ಒಂದೇ ಸರಣಿಯಲ್ಲಿ, ಋತು ಶುರುವಾದಾಗ ದೇಶದ ಮೊದಲ ಸ್ಥಾನದಲ್ಲಿದ್ದ ಟೆಕ್ಸಸ್ ಎ ಅಂಡ್ ಎಂ ವಿರುದ್ಧ, ಅದೂ ಅವರ ಮೈದಾನದಲ್ಲೇ.)

ಲೆಕ್ಕ ಸುಲಭ. ಆಡಿದ ಹತ್ತೂ ಎದುರಾಳಿಗಳ ಕಾನ್ಫರೆನ್ಸ್ ಗೆಲುವಿನ ಪ್ರಮಾಣದ ಸರಾಸರಿ ತೆಗೆಯಿರಿ. ಹಾಗೆ ತೆಗೆಯುವಾಗ ನಿಮ್ಮ ತಂಡದ ವಿರುದ್ಧದ ಪಂದ್ಯಗಳನ್ನು ಎದುರಾಳಿಯ ಲೆಕ್ಕದಿಂದ ಬಿಡಿ. ಇಲ್ಲದಿದ್ದರೆ ಚೆನ್ನಾಗಿ ಆಡಿದ ತಂಡವೇ ತನ್ನ ಎದುರಾಳಿಗಳನ್ನು ದುರ್ಬಲರಾಗಿ ತೋರಿಸಿಬಿಡುತ್ತದೆ. ಸರಾಸರಿಯಿಂದ 0.500 ಕಳೆಯಿರಿ, ಉಳಿದದ್ದನ್ನು ಕೂಡಿಸಿ. ಮೇಲಿನ ಕಾಲ್ಪನಿಕ ತಂಡದ ಎದುರಾಳಿಗಳ ಸರಾಸರಿ 0.540 ಇದ್ದರೆ 0.621ಕ್ಕೆ 0.040 ಸೇರಿ 0.661. ಅಂದರೆ 19.8 ಗೆಲುವು. ರನ್ ಲೆಕ್ಕದಲ್ಲಿ ಕಳೆದುಕೊಂಡದ್ದು ವೇಳಾಪಟ್ಟಿಯ ಲೆಕ್ಕದಲ್ಲಿ ಹೆಚ್ಚೂಕಡಿಮೆ ವಾಪಸ್ ಬಂತು. ಎಲ್ಲ ತಂಡಕ್ಕೂ ಹೀಗೆ ಸರಿಹೋಗುವುದಿಲ್ಲ. ಎರಡೂ ತಿದ್ದುಪಡಿ ಒಂದೇ ದಿಕ್ಕಿಗೆ ಎಳೆದ ಋತುಗಳಿಗೆ ಗುರುತು ಹಾಕಿಕೊಳ್ಳಿ, ಜನರ ಅಭಿಪ್ರಾಯ ಹೆಚ್ಚು ತಪ್ಪಿರುವುದು ಅಂಥ ಕಡೆ.

ಮಳೆಯಿಂದ ಪಂದ್ಯ ರದ್ದಾಗಿ ಕೆಲವು ತಂಡಗಳು 29 ಅಥವಾ 28 ಪಂದ್ಯ ಮಾತ್ರ ಆಡಿರುತ್ತವೆ. ಆದ್ದರಿಂದ ಎಲ್ಲವನ್ನೂ ಪ್ರಮಾಣದಲ್ಲೇ ಇಟ್ಟುಕೊಳ್ಳಿ.

4. ವರ್ಷಗಳಿಗೆ ತೂಕ, ಆಮೇಲೆ ನಡುವಿಗೆ ಎಳೆತ

ಇತ್ತೀಚಿನ ಋತುವಿಗೆ 1.0, ಅದರ ಹಿಂದಿನವಕ್ಕೆ ಕ್ರಮವಾಗಿ 0.8, 0.6, 0.4, 0.2 ತೂಕ ಕೊಡಿ. ಪ್ರತಿ ವರ್ಷದ ತಿದ್ದಿದ ಗೆಲುವುಗಳನ್ನೂ ಆಡಿದ ಪಂದ್ಯಗಳನ್ನೂ ಆ ತೂಕದಿಂದ ಗುಣಿಸಿ ಕೂಡಿಸಿ. ಐದೂ ವರ್ಷ ಇದ್ದವರಿಗೆ ಒಟ್ಟು 90 ಪಂದ್ಯದ ತೂಕ ಸಿಗುತ್ತದೆ. ಮೈನಿಯೇರಿಯಂಥವರಿಗೆ 2025 ಮತ್ತು 2021 ಮಾತ್ರ, ಅಂದರೆ 36 ಪಂದ್ಯ.

ಈಗ ಮುಖ್ಯ ಎಚ್ಚರಿಕೆ. ಸರಿಸಮ ಬಲದ ತಂಡವೊಂದು 30 ಪಂದ್ಯ ಆಡಿದರೆ ಬರೀ ಅದೃಷ್ಟದಿಂದಲೇ ಗೆಲುವುಗಳು 15ರ ಆಚೀಚೆ 2.7ರಷ್ಟು ಓಲಾಡುತ್ತವೆ. ಅಂದರೆ 18-12 ಮತ್ತು 15-15 ದಾಖಲೆಗಳ ನಡುವೆ ಕೋಚಿಂಗ್ ವ್ಯತ್ಯಾಸ ಏನೂ ಇಲ್ಲದಿರಬಹುದು. ಇದಕ್ಕೆ ಮದ್ದು: ಪ್ರತಿ ಕೋಚ್‌ನ ಮೊತ್ತಕ್ಕೆ ಕಾಲ್ಪನಿಕವಾಗಿ 15 ಗೆಲುವು, 15 ಸೋಲು ಸೇರಿಸಿ. ತಿದ್ದುಪಡಿಗಳನ್ನು ಬದಿಗಿಟ್ಟು ನೋಡಿದರೆ, 22-8 ಎಂಬ ಒಂದೇ ಋತು 0.733ರಿಂದ 0.617ಕ್ಕೆ ಇಳಿಯುತ್ತದೆ. ತೂಕ ಹಾಕಿದ ಮೇಲೆ 60-30 ಇರುವ ಕೋಚ್ 0.667ರಿಂದ 0.625ಕ್ಕೆ ಮಾತ್ರ ಇಳಿಯುತ್ತಾರೆ. ಹೆಚ್ಚು ಕಾಲ ನಿಂತು ತೋರಿಸಿದವರು ಕಳೆದುಕೊಳ್ಳುವುದು ಕಡಿಮೆ.

30 ಎಂಬ ಸಂಖ್ಯೆ ಶಾಸ್ತ್ರವಾಕ್ಯವಲ್ಲ. 20 ಇಟ್ಟರೂ ನಡೆದೀತು. ಸೊನ್ನೆ ಮಾತ್ರ ಇಡಬೇಡಿ.

5. ಕಾಲೇಜಿನ ನೆಲಮಟ್ಟ ಕಳೆಯುವುದು

ಎಲ್‌ಎಸ್‌ಯು ತಂಡದಲ್ಲಿ 18 ಗೆಲ್ಲುವುದು, ಮಿಸ್ಸೌರಿಯಲ್ಲಿ 18 ಗೆಲ್ಲುವುದು ಒಂದೇ ಕೆಲಸವಲ್ಲ. ಎಲ್‌ಎಸ್‌ಯುಗೆ ಸ್ಕಿಪ್ ಬರ್ಟ್‌ಮನ್ 1991ರಿಂದ 2000ರೊಳಗೆ 5 ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟಿದ್ದರು. ಈಗ ಯಾರೇ ಕೋಚ್ ಆಗಿ ಬಂದರೂ ತುಂಬಿದ ಕ್ರೀಡಾಂಗಣ, ಹಣ, ಹೆಸರು ಕಾಯುತ್ತಿರುತ್ತವೆ.

ನೆಲಮಟ್ಟಕ್ಕೆ ಸರಳ ಅಳತೆ: ಈಗಿನ ಕೋಚ್ ಬರುವುದಕ್ಕೆ ಮುಂಚಿನ 10 ಋತುಗಳ ಆ ಕಾಲೇಜಿನ ಕಾನ್ಫರೆನ್ಸ್ ಗೆಲುವಿನ ಪ್ರಮಾಣ. 4ನೇ ಹಂತದ ಅಂಕದಿಂದ ಇದನ್ನು ಕಳೆದರೆ ಕೋಚ್ ಎಷ್ಟು ಎತ್ತಿದರು ಎಂಬುದು ಕಾಣುತ್ತದೆ. ಟೋನಿ ವಿಟೆಲ್ಲೊ ಇದಕ್ಕೆ ಒಳ್ಳೆಯ ನಿದರ್ಶನ. ಟೆನೆಸಿ 2005ರ ನಂತರ ಎನ್‌ಸಿಎಎ ಟೂರ್ನಿಯನ್ನೇ ಕಂಡಿರಲಿಲ್ಲ. ಅವರು 2018ರಲ್ಲಿ ತಂಡ ಹಿಡಿದರು, 2019ರಲ್ಲಿ ತಂಡ ಟೂರ್ನಿಗೆ ಮರಳಿತು, 2022ರಲ್ಲಿ ಎಸ್‌ಇಸಿಯಲ್ಲಿ 25-5, 2024ರಲ್ಲಿ ಪ್ರಶಸ್ತಿ. ನಿಕ್ ಮಿಂಜಿಯೋನ್ ಕೆಂಟಕಿಯನ್ನು 2024ರಲ್ಲಿ ಒಮಾಹಾಗೆ, ಅಂದರೆ ಎನ್‌ಸಿಎಎ ಟೂರ್ನಿಯ ಕೊನೆಯ 8 ತಂಡಗಳ ಹಂತಕ್ಕೆ, ಒಯ್ದದ್ದೂ ಇದೇ ಬಗೆಯ ಕೆಲಸ, ಆ ಕಾಲೇಜಿನ ಇತಿಹಾಸದಲ್ಲೇ ಮೊದಲು.

ಈ ಅಳತೆ ಕೆಡುವುದು ಹಳೆಯ ಕೋಚ್‌ಗಳ ವಿಷಯದಲ್ಲಿ. ಮೈಕ್ ಬಿಯಾಂಕೊ ಓಲೆ ಮಿಸ್‌ನಲ್ಲಿ (ಮಿಸಿಸಿಪಿ ವಿಶ್ವವಿದ್ಯಾಲಯ) 2001ರಿಂದ, ಟಿಮ್ ಕಾರ್ಬಿನ್ ವ್ಯಾಂಡರ್‌ಬಿಲ್ಟ್‌ನಲ್ಲಿ ಮತ್ತು ಡೇವ್ ವ್ಯಾನ್ ಹಾರ್ನ್ ಅರ್ಕನ್ಸಾದಲ್ಲಿ 2003ರಿಂದ ಇದ್ದಾರೆ. ಅವರಿಗಿಂತ ಹಿಂದಿನ ಹತ್ತು ವರ್ಷ ಎಂದರೆ 1990ರ ದಶಕ. ಆಗಿನ ಲೀಗ್‌ಗೂ ಈಗಿನದಕ್ಕೂ ಹೋಲಿಕೆಯಿಲ್ಲ. ಜೊತೆಗೆ, ಇವತ್ತು ಆ ಕಾಲೇಜುಗಳಲ್ಲಿರುವ ಸೌಕರ್ಯಗಳಲ್ಲಿ ಬಹುಪಾಲು ಈ ಕೋಚ್‌ಗಳ ಗೆಲುವಿನಿಂದಲೇ ಬಂದವು. 15 ವರ್ಷಕ್ಕಿಂತ ಹೆಚ್ಚು ಒಂದೇ ಕಡೆ ಇದ್ದವರಿಗೆ ಹಳೆಯ ನೆಲಮಟ್ಟ ಮತ್ತು 0.500 ಎರಡರ ಸರಾಸರಿ ಹಾಕಿ. ಟೆಕ್ಸಸ್, ಒಕ್ಲಹೋಮಗಳಿಗೆ ಹಳೆಯ ಎಸ್‌ಇಸಿ ದಾಖಲೆಯೇ ಇಲ್ಲ. ಬಿಗ್ 12ರ ಅಂಕಿಗಳನ್ನು ನೇರವಾಗಿ ತಂದು ಕೂರಿಸಬೇಡಿ, ಸದ್ಯಕ್ಕೆ 0.500 ಇಡಿ.

ಹಣದ ಲೆಕ್ಕ 2025ರಲ್ಲಿ ಬದಲಾಗಿದೆ ಎಂಬುದನ್ನೂ ಮರೆಯಬೇಡಿ. ಅದುವರೆಗೆ ಒಂದು ತಂಡಕ್ಕೆ 11.7 ಪೂರ್ಣ ವಿದ್ಯಾರ್ಥಿವೇತನಗಳಷ್ಟೇ. ಅವನ್ನು ತುಂಡು ಮಾಡಿ ಹಂಚಬೇಕಿತ್ತು. ಆದ್ದರಿಂದ ಜಾರ್ಜಿಯಾದ ಹೋಪ್, ಲೂಯಿಸಿಯಾನದ ಟಾಪ್ಸ್‌ನಂಥ ರಾಜ್ಯ ಸರ್ಕಾರದ ಶುಲ್ಕ ಯೋಜನೆಗಳಿದ್ದ ಕಡೆ ಕೋಚ್‌ಗೆ ಕೈ ಸಡಿಲವಿರುತ್ತಿತ್ತು. 2025ರ ಜುಲೈನಿಂದ, ಹೊಸ ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ವಿದ್ಯಾರ್ಥಿವೇತನದ ಮಿತಿ ಹೋಗಿ, ತಂಡಕ್ಕೆ 34 ಆಟಗಾರರ ಮಿತಿ ಬಂದಿದೆ. ಇನ್ನು ಮುಂದೆ ಖರ್ಚು ಮಾಡಬಲ್ಲ ಕಾಲೇಜಿಗೆ ಅನುಕೂಲ ಹೆಚ್ಚು. 2026ರಿಂದಾಚೆಯ ಸಾಲುಗಳನ್ನು ಹಳೆಯ ಸಾಲುಗಳ ಜೊತೆ ಹೋಲಿಸುವಾಗ ಇದು ನೆನಪಿರಲಿ.

6. ಜೂನ್ ತಿಂಗಳಿಗೆ ಎಷ್ಟು ಬೆಲೆ?

ಎನ್‌ಸಿಎಎ ಟೂರ್ನಿಯಲ್ಲಿ 64 ತಂಡಗಳು. ಮೊದಲು ನಾಲ್ಕು ತಂಡಗಳ 16 ಗುಂಪುಗಳು, ಇವಕ್ಕೆ ರೀಜನಲ್ ಎನ್ನುತ್ತಾರೆ; ಎರಡು ಸೋತವರು ಹೊರಗೆ. ಗೆದ್ದ 16 ತಂಡಗಳು ಇಬ್ಬಿಬ್ಬರಂತೆ ಮೂರು ಪಂದ್ಯಗಳ ಸೂಪರ್ ರೀಜನಲ್ ಆಡುತ್ತವೆ. ಅಲ್ಲಿ ಗೆದ್ದ 8 ತಂಡಗಳು ನೆಬ್ರಾಸ್ಕದ ಒಮಾಹಾಗೆ, ಕಾಲೇಜು ವರ್ಲ್ಡ್ ಸೀರೀಸ್‌ಗೆ. ಮೊದಲ 16 ಸೀಡ್ ಪಡೆದವರು ತಮ್ಮ ಮೈದಾನದಲ್ಲೇ ರೀಜನಲ್ ಆಡುತ್ತಾರೆ.

ಅಂಕಗಳು ಹೀಗಿರಲಿ: 64ರೊಳಗೆ ಬಂದರೆ 1, ತವರು ರೀಜನಲ್ ಪಡೆದರೆ ಇನ್ನೂ 2, ರೀಜನಲ್ ಗೆದ್ದರೆ 2, ಒಮಾಹಾ ತಲುಪಿದರೆ 2, ಫೈನಲ್‌ಗೆ 1, ಪ್ರಶಸ್ತಿಗೆ 1. ಗರಿಷ್ಠ 9. ತವರು ರೀಜನಲ್‌ಗೆ 2 ಅಂಕ ಜಾಸ್ತಿಯೆನಿಸಬಹುದು, ಆದರೆ ಅದು ಸುಮಾರು 56 ಪಂದ್ಯಗಳ ದುಡಿಮೆಯ ಫಲ. ಪ್ರಶಸ್ತಿಗೆ ಬರೀ 1 ಅಂಕವೇ ಎಂದು ಕೇಳುವವರು 2018ರ ಫೈನಲ್ ನೆನಪಿಸಿಕೊಳ್ಳಿ. ವ್ಯಾನ್ ಹಾರ್ನ್ ಅವರ ಅರ್ಕನ್ಸಾ ಮೊದಲ ಪಂದ್ಯ ಗೆದ್ದಿತ್ತು. ಎರಡನೆಯದರಲ್ಲಿ 9ನೇ ಇನ್ನಿಂಗ್ಸ್, ಇಬ್ಬರು ಔಟ್, 3-2 ಮುನ್ನಡೆ. ಆರೆಗಾನ್ ಸ್ಟೇಟ್ ಬ್ಯಾಟರ್ ಹೊಡೆದ ಚೆಂಡು ಗೆರೆಯಾಚೆ ಎತ್ತರಕ್ಕೆ ಹೋಗಿ, ಹಿಡಿಯಲು ಓಡಿ ಬಂದ ಮೂವರ ನಡುವೆ ಬಿತ್ತು. ಹಿಡಿದಿದ್ದರೆ ಪ್ರಶಸ್ತಿ. ಆರೆಗಾನ್ ಸ್ಟೇಟ್ ಆ ಪಂದ್ಯವನ್ನು 5-3, ಮರುದಿನದ್ದನ್ನು 5-0 ಗೆದ್ದಿತು. ಒಂದು ಚೆಂಡು ನೆಲಕ್ಕೆ ಬಿದ್ದದ್ದರಿಂದ ಕೋಚ್ ಒಬ್ಬರ ಯೋಗ್ಯತೆ ಬದಲಾಗುವುದಿಲ್ಲ. ನಮ್ಮ ಅಂಕಪಟ್ಟಿಯಲ್ಲಿ ಅದರ ಬೆಲೆ 9ರ ಬದಲು 8, ಅಷ್ಟೇ ಇರಬೇಕಾದದ್ದು.

ಇನ್ನೊಂದು ತುದಿಯ ಉದಾಹರಣೆ 2022ರ ಓಲೆ ಮಿಸ್. ಎಸ್‌ಇಸಿಯಲ್ಲಿ 14-16, ಟೂರ್ನಿಗೆ ಆಯ್ಕೆಯಾದ ಕಟ್ಟಕಡೆಯ ತಂಡ, ಕೊನೆಗೆ ಚಾಂಪಿಯನ್. ಬಿಯಾಂಕೊ ಅವರಿಗೆ ಆ ವರ್ಷ ಇಲ್ಲಿ 7 ಅಂಕ ಬರುತ್ತದೆ, 3ನೇ ಹಂತದಲ್ಲಿ ಮಧ್ಯಮ ಅಂಕ. ಎರಡೂ ಸರಿಯೇ.

2025 ಇನ್ನೂ ಸ್ಪಷ್ಟ ಪಾಠ. ಎಸ್‌ಇಸಿಯಿಂದ ದಾಖಲೆಯ 13 ತಂಡಗಳು ಟೂರ್ನಿಗೆ ಬಂದವು, ಸೂಪರ್ ರೀಜನಲ್ ಮುಟ್ಟಿದ್ದು ನಾಲ್ಕೇ. ಮೊದಲ ಸೀಡ್ ವ್ಯಾಂಡರ್‌ಬಿಲ್ಟ್, ಎರಡನೇ ಸೀಡ್ ಟೆಕ್ಸಸ್ ಎರಡೂ ತವರು ರೀಜನಲ್‌ನಲ್ಲೇ ಹೊರಬಿದ್ದವು. ಅದಕ್ಕೆ ಸ್ವಲ್ಪ ದಿನ ಮುಂಚೆ ಅದೇ ವ್ಯಾಂಡರ್‌ಬಿಲ್ಟ್ ಅಲಬಾಮದ ಹೂವರ್‌ನಲ್ಲಿ ಎಸ್‌ಇಸಿ ಟೂರ್ನಿ ಗೆದ್ದಿತ್ತು. ಹೂವರ್ ಟೂರ್ನಿಗೆ ಅಂಕವನ್ನೇ ಇಡಬೇಡಿ. 2025ರಿಂದ ಅದು ಒಂದು ಸೋತರೆ ಮನೆಗೆ ಎಂಬ ಮಾದರಿ. ಎನ್‌ಸಿಎಎ ಟೂರ್ನಿಯಲ್ಲಿ ತಂಡದ ಸ್ಥಾನ ಭದ್ರವಾಗಿರುವ ಕೋಚ್ ಮುಂದಿನ ವಾರಕ್ಕಾಗಿ ಪಿಚರ್‌ಗಳನ್ನು ಉಳಿಸಿಕೊಂಡರೆ ಅದು ಜಾಣತನವೇ.

7. ಆಟಗಾರರ ಬೆಳವಣಿಗೆ: ಶ್ರೇಯಸ್ಸು ಹಂಚುವ ನಿಯಮ

ಮೇಜರ್ ಲೀಗ್ ಡ್ರಾಫ್ಟ್ ಎಂದರೆ ವೃತ್ತಿಪರ ತಂಡಗಳು ಪ್ರತಿ ಜುಲೈನಲ್ಲಿ ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಕ್ರಮ. 2021ರಿಂದ ಅದು 20 ಸುತ್ತುಗಳದು. ನಾಲ್ಕು ವರ್ಷದ ಕಾಲೇಜಿನ ಆಟಗಾರ ಮೂರನೇ ವರ್ಷದ ಬಳಿಕ, ಅಥವಾ 21 ವಯಸ್ಸಾದರೆ ಅರ್ಹ. ಮೊದಲ 10 ಸುತ್ತುಗಳಲ್ಲಿ ಆಯ್ಕೆಯಾದವರನ್ನು ಮಾತ್ರ ಎಣಿಸಿ.

ಆದರೆ ಯಾರ ಲೆಕ್ಕಕ್ಕೆ? 2021ರಲ್ಲಿ ಆಟಗಾರರು ಒಂದು ವರ್ಷ ಹೊರಗೆ ಕೂರದೆ ಕಾಲೇಜು ಬದಲಿಸಲು ಅವಕಾಶ ಸಿಕ್ಕ ಮೇಲೆ ಈ ಪ್ರಶ್ನೆ ಜಟಿಲವಾಗಿದೆ. ವರ್ಗಾವಣೆಗೆ ಹೆಸರು ನೋಂದಾಯಿಸುವ ಆ ವ್ಯವಸ್ಥೆಗೆ ಟ್ರಾನ್ಸ್‌ಫರ್ ಪೋರ್ಟಲ್ ಎನ್ನುತ್ತಾರೆ. ನಿಯಮ ಹೀಗಿಡಿ: ಕೋಚ್ ಕೈಕೆಳಗೆ ಕಳೆದ ವರ್ಷಗಳನ್ನು ಆಟಗಾರನ ಒಟ್ಟು ಕಾಲೇಜು ವರ್ಷಗಳಿಂದ ಭಾಗಿಸಿ. 2023ರ ಡ್ರಾಫ್ಟ್‌ನ ಮೊದಲ ಎರಡೂ ಆಯ್ಕೆ ಎಲ್‌ಎಸ್‌ಯು ಆಟಗಾರರು. ಪಾಲ್ ಸ್ಕೀನ್ಸ್ ಎರಡು ವರ್ಷ ಏರ್ ಫೋರ್ಸ್ ಅಕಾಡೆಮಿಯಲ್ಲಿ, ಒಂದು ವರ್ಷ ಎಲ್‌ಎಸ್‌ಯುನಲ್ಲಿದ್ದರು. ಎಲ್‌ಎಸ್‌ಯು ಹೆಡ್ ಕೋಚ್ ಜೇ ಜಾನ್ಸನ್‌ಗೆ ಮೂರನೇ ಒಂದು ಪಾಲು. ಡಿಲನ್ ಕ್ರೂಸ್ ಮೈನಿಯೇರಿ ಕಾಲದಲ್ಲಿ ಬಂದು ಒಂದು ವರ್ಷ ಅವರ ಬಳಿ, ಎರಡು ವರ್ಷ ಜಾನ್ಸನ್ ಬಳಿ ಆಡಿದರು. ಪಾಲು ಮೂರನೇ ಎರಡು. ಸ್ಕೀನ್ಸ್‌ರನ್ನು ಆ ವರ್ಷ ತಿದ್ದಿದ ಪಿಚಿಂಗ್ ಕೋಚ್ ವೆಸ್ ಜಾನ್ಸನ್ ನಂತರ ಜಾರ್ಜಿಯಾದ ಹೆಡ್ ಕೋಚ್ ಆದರು. ಸಹಾಯಕರ ಕೆಲಸವನ್ನು ಬೇರೆಯಾಗಿ ಅಂಕಕ್ಕೆ ಇಳಿಸುವುದು ಆಗದ ಮಾತು. ಒಳ್ಳೆಯ ಸಹಾಯಕರನ್ನು ಕರೆತಂದದ್ದೂ ಹೆಡ್ ಕೋಚ್ ಕೆಲಸವೇ ಎಂದಿಟ್ಟುಕೊಳ್ಳಿ.

ಡ್ರಾಫ್ಟ್ ಲೆಕ್ಕಕ್ಕೆ ಹೆಚ್ಚು ತೂಕ ಕೊಡದಿರಲು ಕಾರಣವಿದೆ. ಒಳ್ಳೆಯ ಆಟಗಾರರಿದ್ದರೆ ಗೆಲುವು ಹೇಗೂ ಬಂದಿರುತ್ತದೆ, ಅದನ್ನು ಈಗಾಗಲೇ ಎಣಿಸಿದ್ದೀರಿ.

8. ಪಂದ್ಯದ ನಡುವಿನ ನಿರ್ಧಾರಗಳು

ಟಿವಿ ಮುಂದೆ ಕೂತವರು ಹೆಚ್ಚು ಮಾತಾಡುವುದು ಇದರ ಬಗ್ಗೆ, ಆದರೆ ಅಳೆಯಲು ಸಿಗುವುದು ಬಹಳ ಕಡಿಮೆ. ಪಂದ್ಯದ ಅಂಕಪಟ್ಟಿಯಿಂದ ಎರಡು ವಿಷಯ ಹೆಕ್ಕಬಹುದು: ಆರಂಭಿಕ ಪಿಚರ್ 120ಕ್ಕಿಂತ ಹೆಚ್ಚು ಚೆಂಡು ಎಸೆದ ಪಂದ್ಯಗಳೆಷ್ಟು, ಬುಲ್‌ಪೆನ್‌ನ, ಅಂದರೆ ನಂತರ ಬರುವ ಪಿಚರ್‌ಗಳ ಪೈಕಿ ಒಬ್ಬರು ಹಿಂದಿನ ದಿನ 30 ಚೆಂಡು ಎಸೆದೂ ಮರುದಿನ ಮತ್ತೆ ಬಂದದ್ದೆಷ್ಟು ಸಲ. ಎರಡೂ ಹುಡುಗರ ಮೊಣಕೈ-ಭುಜಗಳ ಪ್ರಶ್ನೆ, ಹಾಗಾಗಿ ಹೆಚ್ಚಿದ್ದಷ್ಟೂ ಅಂಕ ಕಡಿಮೆ. ಒಂದು ರನ್ ಪಂದ್ಯಗಳ ದಾಖಲೆಯನ್ನು "ಧೈರ್ಯ" ಎಂದು ಇಲ್ಲಿ ಮತ್ತೆ ಸೇರಿಸಬೇಡಿ. 3ನೇ ಹಂತದಲ್ಲಿ ಅದರ ಅರ್ಧ ಪಾಲು ಆಗಲೇ ಕೊಟ್ಟಾಗಿದೆ.

9. ಎಲ್ಲವನ್ನೂ ಒಂದೇ ಅಳತೆಗೆ ತಂದು ಕೂಡಿಸುವುದು

ಗೆಲುವಿನ ಪ್ರಮಾಣ 0.6, ಟೂರ್ನಿ ಅಂಕ 5, ಡ್ರಾಫ್ಟ್ ಪಾಲು 3.3. ಇವನ್ನು ಹಾಗೇ ಕೂಡಿಸಿದರೆ ದೊಡ್ಡ ಸಂಖ್ಯೆಯೇ ಎಲ್ಲವನ್ನೂ ನುಂಗುತ್ತದೆ. ಮೊದಲು ಟೂರ್ನಿ, ಡ್ರಾಫ್ಟ್, ಪಿಚರ್ ಬಳಕೆಯ ಅಂಕಗಳಿಗೂ 4ನೇ ಹಂತದ ವರ್ಷದ ತೂಕಗಳನ್ನೇ ಹಾಕಿ ಸರಾಸರಿ ತೆಗೆಯಿರಿ. ಆಮೇಲೆ ಪ್ರತಿ ಕಾಲಂನಲ್ಲಿ 16 ಕೋಚ್‌ಗಳ ಸರಾಸರಿ ಕಳೆದು, ಮಾನಕ ವಿಚಲನೆಯಿಂದ ಭಾಗಿಸಿ. ಮಾನಕ ವಿಚಲನೆ ಎಂದರೆ ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ. ಎಕ್ಸೆಲ್ ಒಂದೇ ಸೂತ್ರದಲ್ಲಿ ತೆಗೆದುಕೊಡುತ್ತದೆ. ಪಿಚರ್ ಬಳಕೆಯ ಕಾಲಂಗೆ ಮೈನಸ್ ಚಿಹ್ನೆ ಹಾಕಲು ಮರೆಯಬೇಡಿ. ಈ ಒಂದು ಮರೆವಿನಿಂದ ಪಿಚರ್‌ಗಳನ್ನು ಅತಿಯಾಗಿ ದುಡಿಸಿದವರಿಗೇ ಬಹುಮಾನ ಸಿಕ್ಕಿಬಿಡುತ್ತದೆ.

ತೂಕಗಳು, ಶೇಕಡಾವಾರು: ಕಾನ್ಫರೆನ್ಸ್ ಸಾಧನೆ 40, ನೆಲಮಟ್ಟಕ್ಕಿಂತ ಎತ್ತಿದ್ದು 25, ಎನ್‌ಸಿಎಎ ಟೂರ್ನಿ 20, ಆಟಗಾರರ ಬೆಳವಣಿಗೆ 10, ಪಿಚರ್ ಬಳಕೆ 5.

ಬಂದ ಮೊತ್ತದಲ್ಲಿ 0.2ಕ್ಕಿಂತ ಕಡಿಮೆ ಅಂತರವಿರುವ ಕೋಚ್‌ಗಳನ್ನು ಒಂದೇ ಗುಂಪಿಗೆ ಹಾಕಿ. 7ನೆಯವರು, 8ನೆಯವರು ಎಂದು ಬೇರ್ಪಡಿಸುವಷ್ಟು ನಿಖರತೆ ಈ ಅಂಕಿಗಳಲ್ಲಿಲ್ಲ, ಇದೆ ಎಂದು ತೋರಿಸಿಕೊಳ್ಳುವುದು ಓದುಗರಿಗೆ ಮಾಡುವ ಅನ್ಯಾಯ. ಮುಂದೆ ಒಂದು ಪರೀಕ್ಷೆ ಮಾಡಿ: ಕಾನ್ಫರೆನ್ಸ್ ತೂಕ 30ಕ್ಕೆ ಇಳಿಸಿ, ಟೂರ್ನಿಯದನ್ನು 30ಕ್ಕೆ ಏರಿಸಿ ನೋಡಿ. ಯಾರಾದರೂ ಮೂರಕ್ಕಿಂತ ಹೆಚ್ಚು ಸ್ಥಾನ ಜಿಗಿದರೆ ಅವರ ಹೆಸರಿನ ಮುಂದೆ "4ರಿಂದ 8" ಎಂಬಂತೆ ವ್ಯಾಪ್ತಿ ಬರೆಯಿರಿ. 2023 ಮತ್ತು 2025ರಲ್ಲಿ ಪ್ರಶಸ್ತಿ ಗೆದ್ದ ಜೇ ಜಾನ್ಸನ್‌ರಂಥವರು ಹೇಗೆ ತೂಗಿದರೂ ಮೇಲಿನ ಗುಂಪಿನಲ್ಲೇ ಉಳಿಯಬೇಕು. ಉಳಿಯದಿದ್ದರೆ ಹಾಳೆಯಲ್ಲಿ ಎಲ್ಲೋ ತಪ್ಪು ಸೂತ್ರ ಕೂತಿದೆ, ಹುಡುಕಿ.

10. ಹೊಸಬರು ಮತ್ತು ಪ್ರಕಟಣೆಯ ದಿನಾಂಕ

ಎಸ್‌ಇಸಿಯಲ್ಲಿ ಒಂದೂ ಋತು ಪೂರೈಸದವರನ್ನು ಪಟ್ಟಿಯ ನಡುವೆ ತುರುಕಬೇಡಿ, ಕೆಳಗೆ ಬೇರೆ ಪಟ್ಟಿ ಮಾಡಿ. ಬ್ರಯನ್ ಓ'ಕಾನರ್ ವರ್ಜೀನಿಯಾದಲ್ಲಿ 2004ರಿಂದ 2025ರವರೆಗೆ ಇದ್ದು ಏಳು ಸಲ ಒಮಾಹಾ ತಲುಪಿದವರು, 2015ರಲ್ಲಿ ಪ್ರಶಸ್ತಿ ಗೆದ್ದವರು. 2025ರ ಜೂನ್‌ನಲ್ಲಿ ಮಿಸಿಸಿಪಿ ಸ್ಟೇಟ್‌ಗೆ ಬಂದರು. ಅವರ ಎಸಿಸಿ ದಾಖಲೆಯನ್ನು ಟಿಪ್ಪಣಿಯಾಗಿ ಬರೆಯಿರಿ, ಅಂಕವಾಗಿ ಸೇರಿಸಬೇಡಿ. ಹಾಗೆಯೇ ಪಟ್ಟಿಯಿಂದ ಹೊರಹೋದವರನ್ನೂ ತೆಗೆಯಿರಿ: ವಿಟೆಲ್ಲೊ 2025ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಎಂಬ ವೃತ್ತಿಪರ ತಂಡದ ಮ್ಯಾನೇಜರ್ ಆದರು, ಟೆನೆಸಿಗೆ ಜಾಶ್ ಎಲ್ಯಾಂಡರ್ ಬಂದರು.

ಪಟ್ಟಿಯ ತಲೆಯಲ್ಲಿ ಅಂಕಿ-ಅಂಶ ಯಾವ ದಿನಾಂಕದವರೆಗಿನದು ಎಂದು ಬರೆಯುವುದು ಕಡ್ಡಾಯ. ವರ್ಷಕ್ಕೆ ಎರಡು ಸಲ ತಿದ್ದಿದರೆ ಸಾಕು: ಮೇ ಮೂರನೇ ವಾರ ಕಾನ್ಫರೆನ್ಸ್ ಪಂದ್ಯಗಳು ಮುಗಿದಾಗ 3ರಿಂದ 5ನೇ ಹಂತ, ಜುಲೈ ಡ್ರಾಫ್ಟ್ ಮುಗಿದ ಮೇಲೆ 6ರಿಂದ 9. ಒಮಾಹಾ ಫೈನಲ್ ಮುಗಿದ ಆ ರಾತ್ರಿ ಮಾತ್ರ ಹಾಳೆ ತೆರೆಯಬೇಡಿ. ಜೂನ್ ಕೊನೆಯ ಎರಡು ವಾರ ಕೋಚ್‌ಗಳು ಊರು ಬದಲಿಸುವ ಕಾಲ. ಹೆಸರುಗಳು ನೆಲೆಗೊಂಡ ಮೇಲೆ ಕೂಡಿಸಿದರೆ ಎರಡೆರಡು ಸಲ ತಿದ್ದುವ ಕೆಲಸ ಉಳಿಯುತ್ತದೆ.